ನಾಲ್ಕನೇ ಅಧ್ಯಾಯದ ಟಿಕ್

ನಮ್ಮ ಚರ್ಚಿನ ಬೈಬಲ್ ಅಧ್ಯಯನದ ಗುಂಪನ್ನು ನಡೆಸುವವನು ನಾನು. ಇಪ್ಪತ್ತಮೂರು ವರ್ಷಗಳಿಂದ ನಡೆಸುತ್ತಿದ್ದೇನೆ ಎಂದು ಯಾರೂ ಕೇಳದಿದ್ದರೂ ಹೇಳುವ ಚಟ ನನಗಿದೆ. ವೃತ್ತಿಯಲ್ಲಿ ಮುದ್ರಕ. ಬಿಲ್ ಪುಸ್ತಕ, ಮದುವೆ ಕಾಗದ, ಔಷಧಿ ಅಂಗಡಿಯ ಲಕೋಟೆ ಅಚ್ಚು ಹಾಕುವ ಪುಟ್ಟ ಪ್ರೆಸ್ಸು ನನ್ನದು. ಹಾಗಾಗಿ ಗುಂಪಿನ ಓದುವ ಕಾರ್ಡನ್ನೂ ನಾನೇ ಅಚ್ಚು ಹಾಕುತ್ತೇನೆ. ಅಂಗೈಯಗಲದ ಕಾರ್ಡು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಅಧ್ಯಾಯ, ಅದರ ಪಕ್ಕದಲ್ಲೊಂದು ಚೌಕ. ಓದಿದವರು ಚೌಕದಲ್ಲಿ ಟಿಕ್ ಹಾಕಿ, ಭಾನುವಾರ ಆರಾಧನೆ ಮುಗಿದ ಮೇಲೆ ತಂದು ಒಪ್ಪಿಸಬೇಕು. ಈ ಪದ್ಧತಿ ತಂದವನೂ ನಾನೇ.

ನನ್ನ ಟಿಕ್‌ಗಳು ಹೇಗೆ ಬೀಳುತ್ತಿದ್ದವು ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಶೂ ಹಾಕಿಕೊಳ್ಳುವ ಮುಂಚೆ, ಐದೂ ಒಟ್ಟಿಗೆ, ಒಂದೇ ಉಸಿರಿನಲ್ಲಿ. ಒಮ್ಮೆ ಹೆಂಡತಿ ನೋಡಿಬಿಟ್ಟಳು.

"ಒಂದನ್ನಾದ್ರೂ ಸೊಟ್ಟಗೆ ಹಾಕ್ರೀ. ಬೇರೆ ಬೇರೆ ದಿನ ಹಾಕಿದ ಹಾಗೆ ಕಾಣ್ಲಿ."

ನಾನು ನಕ್ಕು ಮೂರನೆಯದನ್ನು ಸೊಟ್ಟಗೆ ಹಾಕಿದೆ. ಅವಳು ನಗಲಿಲ್ಲ.

ನನಗೆ ದೇವರ ಮೇಲೆ ಮುನಿಸೇನೂ ಇರಲಿಲ್ಲ. ಗೊತ್ತಿರುವುದೇ ತಾನೇ ಎಂಬ ಉದಾಸೀನ, ಅಷ್ಟೇ. ಹಳೆಯ ನೋಟ್‌ಬುಕ್ಕುಗಳು ಕಪಾಟಿನ ತುಂಬ ಇದ್ದವು, ಅವುಗಳಿಂದಲೇ ಪಾಠ ಸಾಗುತ್ತಿತ್ತು. ಗುಂಪು ನಡೆಸಿ ಇಪ್ಪತ್ತು ವರ್ಷವಾಯಿತೆಂದು ಸಭೆಯವರು ನನಗೊಂದು ಹೊಸ ಬೈಬಲ್ ಕೊಟ್ಟಿದ್ದರು. ಪುಟಗಳ ಅಂಚಿಗೆ ಚಿನ್ನದ ಬಣ್ಣ ಬಳಿದಿರುವಂಥದು. ನನ್ನ ಹಳೆಯದನ್ನು, ಪುಟಪುಟಕ್ಕೂ ಪೆನ್ಸಿಲ್ ಗೆರೆಗಳಿದ್ದುದನ್ನು, ಇಸ್ತ್ರಿ ಅಕ್ಕನಿಗೆ ಕೊಟ್ಟುಬಿಟ್ಟೆ.

ಇಸ್ತ್ರಿ ಅಕ್ಕ ನಮ್ಮ ಪ್ರೆಸ್ಸಿನ ಮೂರು ಅಂಗಡಿಯಾಚೆ ಬಟ್ಟೆಗೆ ಇಸ್ತ್ರಿ ಹಾಕುವವಳು. ಐವತ್ತು ದಾಟಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಕೂತು ಅಕ್ಷರ ಕಲಿತವಳು. ಬೆಳಿಗ್ಗೆ ಪೆಟ್ಟಿಗೆಯಲ್ಲಿ ಇದ್ದಿಲು ಕೆಂಡವಾಗುವಷ್ಟರಲ್ಲಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಆವತ್ತಿನ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಾಳೆ. ದಾರಿಯಲ್ಲಿ ಹೋಗುವವರಿಗೆಲ್ಲ ಕೇಳಿಸುತ್ತದೆ.

ಆ ಭಾನುವಾರ ಕಾರ್ಡುಗಳನ್ನು ಒಟ್ಟುಮಾಡುವಾಗ ಅವಳದರಲ್ಲಿ ಗುರುವಾರ, ಶುಕ್ರವಾರದ ಚೌಕಗಳು ಖಾಲಿಯಿದ್ದವು. ಆ ವಾರದ ಓದು ತೀತನಿಗೆ ಬರೆದ ಪತ್ರಿಕೆ, ಬೈಬಲಿನ ಕೊನೆಯ ಭಾಗದಲ್ಲಿರುವ ಪತ್ರಗಳಲ್ಲೊಂದು. ನಾಲ್ಕು, ಐದನೇ ಅಧ್ಯಾಯಗಳನ್ನು ಅವಳು ಬಿಟ್ಟಿದ್ದಳು.

"ಏನಕ್ಕ, ಎರಡು ದಿನ ರಜಾನಾ?" ಎಂದೆ, ಎಲ್ಲರಿಗೂ ಕೇಳುವಂತೆ.

"ಆಗ್ಲಿಲ್ಲ ಅಣ್ಣ" ಎಂದು ಅವಳು ತಲೆ ತಗ್ಗಿಸಿದಳು.

ನಾನು ಅಲ್ಲಿಗೇ ಬಿಡಬಹುದಿತ್ತು. ಆದರೆ ಉಪದೇಶಕ್ಕೆ ಬಾಯಿ ತುರಿಸುತ್ತಿತ್ತು. "ಬಟ್ಟೆ ರಾಶಿ ಇದ್ದೇ ಇರುತ್ತೆ ಅಕ್ಕ. ದೇವರಿಗೆ ಕಾಲು ಗಂಟೆ ಕೊಡೋಕಾಗಲ್ವಾ? ಅದರಲ್ಲೂ ಆ ನಾಲ್ಕನೇ ಅಧ್ಯಾಯ ಎಷ್ಟು ಸಮಾಧಾನ ಕೊಡುತ್ತೆ ಗೊತ್ತಾ? ನನಗಂತೂ ಗುರುವಾರ ಪೂರ್ತಿ ಅದೇ ಗುಂಗು."

ನಿವೃತ್ತ ಪೋಸ್ಟ್‌ಮ್ಯಾನ್ ಮಾಮ "ಹೌದೌದು, ಬಹಳ ಚೆನ್ನಾಗಿದೆ" ಎಂದು ತಲೆಯಾಡಿಸಿದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

ಮಂಗಳವಾರ ಬೆಳಿಗ್ಗೆ ಅವಳು ಪ್ರೆಸ್ಸಿಗೆ ಬಂದಳು. ಕೈಯಲ್ಲಿ ನನ್ನ ಹಳೆಯ ಬೈಬಲ್, ಒಂದು ಗೆರೆ ಹಾಕಿದ ನೋಟ್‌ಬುಕ್ಕು, ಪೆನ್ನು.

"ಅಣ್ಣ, ನಿಮ್ಮ ಹೊಸ ಬೈಬಲ್ ಸ್ವಲ್ಪ ಹೊತ್ತು ಕೊಡ್ತೀರಾ? ಆ ನಾಲ್ಕು, ಐದನೇ ಅಧ್ಯಾಯ ಬರ್ಕೊಂಡು ಹೋಗ್ತೀನಿ. ಇದರಲ್ಲಿ ಇಲ್ಲ."

"ಇಲ್ಲ ಅಂದ್ರೆ? ಹರಿದಿದ್ಯಾ?"

"ಹರಿದಿಲ್ಲ. ಹಳೇದಲ್ವಾ, ಅಚ್ಚಲ್ಲೇ ಬಿಟ್ಟುಹೋಗಿರ್ಬೇಕು. ಗುರುವಾರ ಹಿಂದೆ ಮುಂದೆ ಎಲ್ಲಾ ಹುಡುಕಿದೆ. ಸಿಗ್ಲಿಲ್ಲ ಅಂತ ಮೂರನೇದನ್ನೇ ಮತ್ತೆ ಎರಡು ದಿನ ಓದಿದೆ."

"ಹಾಗಂತ ಭಾನುವಾರ ಹೇಳೋದಲ್ವಾ ಅಕ್ಕ?"

"ನೀವು ಕೊಟ್ಟ ಪುಸ್ತಕ ಅಣ್ಣ. ಎಲ್ಲರ ಮುಂದೆ ಅದರಲ್ಲಿ ಅಧ್ಯಾಯಾನೇ ಇಲ್ಲ ಅಂದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು?"

ನನಗೆ ಇನ್ನೂ ಏನೂ ಹೊಳೆದಿರಲಿಲ್ಲ. ಮೇಜಿನ ಖಾನೆಯಿಂದ ಹೊಸ ಬೈಬಲ್ ತೆಗೆದು ಗತ್ತಿನಿಂದಲೇ ಬಿಚ್ಚಿದೆ. ಪುಟಗಳು ಬಿಡಿಸಿಕೊಳ್ಳಲಿಲ್ಲ. ಚಿನ್ನದ ಬಣ್ಣ ಪುಟದಿಂದ ಪುಟಕ್ಕೆ ಅಂಟಿಕೊಂಡೇ ಇತ್ತು. ಉಗುರು ಹಾಕಿ ಒಂದೊಂದನ್ನೇ ಎಬ್ಬಿಸಬೇಕಾಯಿತು, ಪ್ರತಿ ಸಲ ಚರಕ್ ಎಂದು ಸದ್ದು. ಕಾಗದದ ಕೆಲಸ ಮಾಡುವವನಿಗೆ ಆ ಸದ್ದಿನ ಅರ್ಥ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮೂರು ವರ್ಷದಿಂದ ಆ ಪುಟಗಳನ್ನು ಯಾರೂ ತೆರೆದಿರಲಿಲ್ಲ.

ಪತ್ರಿಕೆ ಸಿಕ್ಕಿತು. ಒಂದು, ಎರಡು, ಮೂರು. ಆಮೇಲೆ ಬೇರೆ ಪತ್ರಿಕೆ ಶುರು.

ಆಗ ಹೊಳೆಯಿತು. ಕಾರ್ಡು ಮಾಡುವಾಗ ಹಿಂದಿನ ವಾರದ್ದನ್ನೇ ಇಟ್ಟುಕೊಂಡು ಪತ್ರಿಕೆಯ ಹೆಸರನ್ನು ಮಾತ್ರ ಬದಲಾಯಿಸಿದ್ದೆ, ಅಂಕಿಗಳನ್ನು ಮುಟ್ಟಿರಲಿಲ್ಲ. ಹಿಂದಿನ ವಾರದ ಪತ್ರಿಕೆಗೆ ಐದು ಅಧ್ಯಾಯ. ಇದಕ್ಕೆ ಇರುವುದೇ ಮೂರು.

"ಕಾರ್ಡಲ್ಲಿ ಅಚ್ಚಿನ ತಪ್ಪಾಗಿದೆ ಅಕ್ಕ" ಎಂದೆ. "ಇದರಲ್ಲಿ ಮೂರೇ ಅಧ್ಯಾಯ ಇರೋದು."

ಅಕ್ಕನ ಮುಖ ಅರಳಿತು. "ಹಂಗಾದ್ರೆ ನನ್ನ ಪುಸ್ತಕ ಪೂರ್ತಿ ಇದೆ! ಏನೂ ಬಿಟ್ಟುಹೋಗಿಲ್ಲ!" ಎಂದು ಅದನ್ನು ಎದೆಗೆ ಒತ್ತಿಕೊಂಡಳು. ಐದು ದಿನದಿಂದ ಆ ಸಂಕಟ ಅವಳನ್ನು ಕೊರೆಯುತ್ತಿತ್ತೆಂದು ಆಗ ತಿಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅವಳ ಹುಬ್ಬು ಗಂಟಾಯಿತು. "ಮತ್ತೆ ಗುರುವಾರ ನೀವು ಓದಿದ್ದು ಯಾವುದು ಅಣ್ಣ?"

ಕುಟುಕಲು ಕೇಳಿದ ಪ್ರಶ್ನೆಯಲ್ಲ ಅದು. ನಾನು ಹೇಳುವುದನ್ನು ಬರೆದುಕೊಳ್ಳಲು ಪೆನ್ನು ಹಿಡಿದೇ ನಿಂತಿದ್ದಳು. ಮತ್ತೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಬೇರೆ ಪತ್ರಿಕೆಯ ಹೆಸರು ಹೇಳಿದ್ದರೆ ಅವಳು ನಂಬುತ್ತಿದ್ದಳು. ನಂಬುತ್ತಾಳೆ ಎಂಬುದಕ್ಕೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

"ಓದಿರಲಿಲ್ಲ ಅಕ್ಕ" ಎಂದೆ. "ಗುರುವಾರ ಅಷ್ಟೇ ಅಲ್ಲ. ವರ್ಷಗಳಾಯ್ತು."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. ಹಳೆಯ ಬೈಬಲನ್ನು ಮೇಜಿನ ಮೇಲಿಟ್ಟು, ಮೊದಲನೇ ಅಧ್ಯಾಯದ ಕೊನೆಗೆ ಬೆರಳಿಟ್ಟು ತೋರಿಸಿದಳು. ಬಾಯಲ್ಲಿ ದೇವರನ್ನು ಬಲ್ಲೆವು ಎನ್ನುತ್ತಾ ನಡತೆಯಲ್ಲಿ ಅಲ್ಲಗಳೆಯುವವರ ಮಾತು ಅಲ್ಲಿದೆ. ಪಕ್ಕದ ಅಂಚಿನಲ್ಲಿ ಪೆನ್ಸಿಲಿನ ಪುಟ್ಟ ಅಕ್ಷರ: ಇದು ನಾನಾಗಬಾರದು. ಕೆಳಗೆ ಇಪ್ಪತ್ತೊಂದು ವರ್ಷ ಹಿಂದಿನ ತಾರೀಖು. ಬರಹ ನನ್ನದೇ.

"ನೀವು ಬರೆದಿರೋದಲ್ವಾ? ನಾನೂ ದಿನಾ ಕೆಲಸಕ್ಕೆ ಮುಂಚೆ ಇದನ್ನ ನನಗೇ ಹೇಳ್ಕೊಳ್ತೀನಿ" ಎಂದಳು. "ನೀವು ಗೆರೆ ಹಾಕಿರೋ ಕಡೆಯೆಲ್ಲ ನಿಲ್ತೀನಿ ಅಣ್ಣ. ಮೂರನೇ ಅಧ್ಯಾಯದಲ್ಲಿ ಯಾರನ್ನೂ ಹಳೀಬೇಡಿ ಅನ್ನೋ ಕಡೆ ಎರಡು ಗೆರೆ ಇದೆ. ಮೂರು ದಿನ ಅದನ್ನೇ ಓದಿದ್ನಲ್ಲ, ಭಾನುವಾರ ನೀವು ಹಂಗಂದಾಗ ಕೋಪ ಬಂತು, ಹಂಗೇ ನುಂಗ್ಕೊಂಡೆ."

ನೆಲ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಅವಳು ಪುಸ್ತಕ ಎತ್ತಿಕೊಂಡು, ಕೆಂಡ ಆರುತ್ತದೆಂದು ಹೊರಟುಹೋದಳು.

ಮುಂದಿನ ಭಾನುವಾರ ಎದ್ದು ನಿಂತು ಗುಂಪಿಗೆ ಎಲ್ಲವನ್ನೂ ಹೇಳಿದೆ. ಅಂಕಿ ತಪ್ಪಿದ್ದು, ಶೂ ಹಾಕಿಕೊಳ್ಳುವ ಮುಂಚಿನ ಟಿಕ್‌ಗಳು, ಸೊಟ್ಟಗೆ ಹಾಕಿದ ಮೂರನೆಯದು. ಹೋದ ವಾರದ ಕಾರ್ಡುಗಳ ಗುರುವಾರ, ಶುಕ್ರವಾರದ ಸಾಲಿನಲ್ಲಿ ನಿಜ ಹೇಳಿದ್ದು ಅಕ್ಕನ ಆ ಎರಡು ಖಾಲಿ ಚೌಕಗಳೇ ಎಂದು ಹೇಳಿ ಅವಳ ಕ್ಷಮೆ ಕೇಳಿದೆ. ಪೋಸ್ಟ್‌ಮ್ಯಾನ್ ಮಾಮ ಸದ್ದಿಲ್ಲದೆ ತಮ್ಮ ಈ ವಾರದ ಕಾರ್ಡನ್ನು ಜೇಬಿಗೆ ಇಳಿಸಿದರು. ಅವರ ಪಕ್ಕದ ಇಬ್ಬರೂ ಜೇಬು ತಡಕಾಡಿದರು. ಹಿಂದಿನ ಬೆಂಚಿನಲ್ಲಿ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

"ಇನ್ನು ಗುಂಪು ನಡೆಸೋದು ಬೇರೆ ಯಾರಾದ್ರೂ ನೋಡ್ಕೊಳ್ಳಿ" ಎಂದೆ.

"ಅದೆಲ್ಲ ಆಮೇಲೆ" ಎಂದಳು ಅಕ್ಕ. "ಈ ವಾರ ಎಷ್ಟು ಓದಿದ್ರಿ ಅಣ್ಣ?"

ಕಾರ್ಡು ಕೊಟ್ಟೆ. ಈ ವಾರದ್ದಲ್ಲ, ಅಂಕಿ ತಿದ್ದಿ ನನಗಾಗಿ ಮತ್ತೆ ಅಚ್ಚು ಹಾಕಿಕೊಂಡ ತೀತನ ಪತ್ರಿಕೆಯದು. ಒಂದೇ ಟಿಕ್ ಇತ್ತು.

"ಮೊದಲನೇ ಅಧ್ಯಾಯ ಅಷ್ಟೇ ಅಕ್ಕ. ಅದರ ಕೊನೆ ಸಾಲು ದಾಟೋಕೆ ಆಗ್ಲಿಲ್ಲ."

ಅವಳು ಎದ್ದುಬಂದು ನನ್ನ ಹಳೆಯ ಬೈಬಲನ್ನು ಬಿಡಿಸಿ ನನ್ನ ಕೈಯಲ್ಲಿಟ್ಟಳು. "ಎರಡನೇದು ಇಲ್ಲೇ ಓದಿ. ನಾವೂ ಕೇಳ್ತೀವಿ" ಎಂದಳು. ನಾನು ಅವಳ ಹಾಗೆಯೇ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದತೊಡಗಿದೆ.