ಹಿಮ್ಮಡಿಯ ಕುಳಿ

ಟಪ್, ಮತ್ತೆ ಟಪ್, ಗೋಡೆಗೆ ಹೊಸದಾಗಿ ಕೂತ ಕಬ್ಬಿಣದ ಪೈಪಿನ ಸಂದಿನಿಂದ ಹನಿ ಜಾರಿ ಕೆಳಗಿನ ಕಲ್ಲಿನ ಕುಳಿಗೆ ಬೀಳುತ್ತಿದೆ, ಕುಳಿಯಲ್ಲಿ ಬೊಗಸೆ ನೀರು, ನೀರಿನಲ್ಲಿ ಚೂರು ಆಕಾಶ — ಈ ಕುಳಿ ನನಗೆ ಗೊತ್ತು, ಕಣ್ಣಿಗಿಂತ ಮೊದಲು ಹಿಮ್ಮಡಿಗೆ ಗುರುತು ಸಿಕ್ಕಿತು, ಇದು ನಮ್ಮ ಬಚ್ಚಲ ಕಲ್ಲು, ಬಚ್ಚಲಲ್ಲಿರಬೇಕಾದದ್ದು ಹಿತ್ತಲಿಗೆ ಬಂದು ಹೊಸ ಸಂಡಾಸಿನ ಗುಂಡಿಗೆ ಮುಚ್ಚಳವಾಗಿ ಕೂತಿದೆ, ಸುತ್ತಲೂ ಸಿಮೆಂಟು ಮೆತ್ತಿಸಿಕೊಂಡು. ಅಪ್ಪಾ ಈರಣ್ಣ ದೇವರೇ, ಮಗಳ ಹೆರಿಗೆಗೆಂದು ದವಾಖಾನೆಯಲ್ಲಿ ಅವಳ ಮಂಚದ ಪಕ್ಕ ಚಾಪೆ ಹಾಸಿಕೊಂಡು ಬಿದ್ದಿದ್ದೆ, ಮನೆಯ ಕಡೆ ತಲೆ ಹಾಕಿರಲಿಲ್ಲ, ಈಗ ಓಡಿ ಬಂದದ್ದು ಹಂಡೆಗೆ ಉರಿ ಹಾಕುವುದಕ್ಕೆ, ಹಾಕಿ ಹಿತ್ತಲಿಗೆ ಬಂದರೆ ಇದು, ಹಿಂದೆಯೇ ಜಟಕಾದಲ್ಲಿ ಯಮನಮ್ಮ ಕೂಸು ಎತ್ತಿಕೊಂಡು ಅವರಪ್ಪನ ಜೊತೆ ಬರುತ್ತಾಳೆ, ಬಂದ ಕೂಸಿಗೆ ಈ ಕಲ್ಲಿನ ಮೇಲೆ ಮನೆಯ ಮೊದಲ ನೀರು ಎರೆಯಬೇಕು, ಎರೆಸುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದೇನೆ — ಟಪ್.

ಜಿಲಾನಿ ಪಾಷಾ ಅಲ್ಲೇ ಕೂತಿದ್ದಾನೆ, ನಳದ ಕೆಲಸದವನು, ಪೈಪಿನ ತುದಿಗೆ ಸೋರದಿರಲೆಂದು ಸಣಬು ಸುತ್ತಿ ಬಿಳಿ ಸಫೇದಾ ಬಳಿಯುತ್ತ, ಬೆರಳೆಲ್ಲ ಬೆಳ್ಳಗೆ, ಹಬ್ಬಕ್ಕೆ ಸುಣ್ಣ ಹಚ್ಚುವವನ ಹಾಗೆ ಸಾವಧಾನ, ಇವನ ಸಾವಧಾನಕ್ಕೇ ನನ್ನ ಹೊಟ್ಟೆ ಉರಿದುಹೋಗಿದೆ. ಹಳೆಯ ಬಚ್ಚಲು ಕೆಡವಿದ ಮೇಲೆ ಎಲ್ಬೋ ತರ್ತೀನ್ರೀ ಅಂತ ಸೈಕಲ್ ಹತ್ತಿ ಹೋದ, ಎಲ್ಬೋ ಎಂದರೆ ಮೊಣಕೈಯಂತೆ ಮಣಿದ ಸಣ್ಣ ತುಂಡು, ಅದಕ್ಕಾಗಿ ಪತ್ತೆಯಿಲ್ಲದೆ ಹೋದ, ಬಂದ, ಅಳತೆ ತಪ್ಪಿತೆಂದು ಮತ್ತೆ ಹೋದ, ಬೊಂಬಾಯಿಗಿ ಹೋಗಿದ್ದೇನೋ ಅಂದರೆ ಅಂಗಡ್ಯಾವ ಉಣ್ಣಾಕ ಹೋಗಿದ್ದರೀ ಯವ್ವಾ ಅಂತ ನಗುತ್ತಾನೆ, ಅಷ್ಟು ದಿನ ತುಂಬು ಬಸುರಿ ಮಗಳು ಬೇವಿನ ಗಿಡಕ್ಕೆ ಸೀರೆ ಕಟ್ಟಿದ ಮರೆಯಲ್ಲಿ ಜಳಕ ಮಾಡಿದಳು, ಗಾಳಿ ಬಂದಾಗಲೆಲ್ಲ ಸೀರೆಯ ಅಂಚು ಹಿಡಿದು ನಿಲ್ಲುವವಳು ನಾನು. ಇವನನ್ನು ಅಂದು ಏನು ಫಲ, ಎಲ್ಲಕ್ಕೂ ನಮ್ಮ ಮನೆಯವರೇ ಮೂಲ, ಶಕ್ತಿನಗರದಲ್ಲಿ ತಮ್ಮ ಅಯ್ಯಣ್ಣನ ಕ್ವಾಟರ್ಸ್ ನೋಡಿ ಬಂದ ಮೇಲೆ ಕೂತಲ್ಲಿ ನಿಂತಲ್ಲಿ ಅದೇ ಮಾತು, ಚಾವಿ ತಿರುವಿದ್ರ ತಲಿ ಮ್ಯಾಲ ಮಳಿ ಬೀಳತದ, ನಾವಿನ್ನಾ ಚರಿಗಿ ಹಿಡಕೊಂಡ ಕುಂತೀವಿ. ಮಳೆಯಂತೆ. ನಳಕ್ಕೆ ನೀರು ಬಿಡುವುದೇ ಒಂದಿನ ಬಿಟ್ಟು ಒಂದಿನ, ಅದೂ ಹಗ್ಗದ ಹಾಗೆ ಸಣ್ಣಗೆ, ಮೇಲಿನ ಆ ತೂತಿನ ಮೂತಿ ಒಂದು ಸಲ ಕೆಮ್ಮಿ ತುಕ್ಕು ಉಗುಳಿ ಸುಮ್ಮನಾಗಿದೆ.

ಟಪ್. ಕುಳಿ ತುಂಬಿದೆ, ಹನಿ ಬಿದ್ದಾಗ ಒಂದು ಉಂಗುರ ಎದ್ದು ಅಂಚಿಗೆ ಹೋಗಿ ಅಳಿಯುತ್ತದೆ. ಅತ್ತೆ ಬೂದೆಮ್ಮ ಹೇಳುತ್ತಿದ್ದಳು, ಗಬ್ಬೂರಿನಿಂದ ಈ ಕಲ್ಲನ್ನು ಬಂಡಿಯಲ್ಲಿ ತರುವಾಗ ಕಲ್ಮಲದ ಹತ್ತಿರ ಎತ್ತುಗಳು ಮಲಗಿಬಿಟ್ಟವಂತೆ, ಕಲ್ಲಿಗೆ ನೀರೆರೆದು ಕೈ ಮುಗಿದ ಮೇಲೆ ಎದ್ದವಂತೆ, ಕೇಳುವವರು ಬದಲಾದರೆ ಎತ್ತುಗಳು ಬೇರೆ ಊರಲ್ಲಿ ಮಲಗುತ್ತಿದ್ದವು, ನಗು ಬರುತ್ತಿತ್ತು, ಆದರೂ ನಂಬುತ್ತಿದ್ದೆ, ಈಗಲೂ ನಂಬುತ್ತೇನೆ. ಎರೆಯುವವರು ಕಾಲು ಚಾಚಿ ಕೂತು ಹಿಮ್ಮಡಿ ಊರಿ ಊರಿ ಆದ ಕುಳಿ ಇದು, ಅತ್ತೆಯ ಅತ್ತೆ ಊರಿದ್ದು, ಅತ್ತೆ ಊರಿದ್ದು, ನಾನು ಊರಿದ್ದು, ಇದರ ಮೇಲೆ ನೀರು ಬಿದ್ದ ಕೂಸು ಒಂದೂ ಕೈ ಬಿಟ್ಟು ಹೋಗಲಿಲ್ಲ. ಹೋದದ್ದು ಮಾನ್ವಿಯಲ್ಲಿ. ಯಮನಮ್ಮನ ಚೊಚ್ಚಲು, ನಾವು ಕರೆತರುವ ಮೊದಲೇ ಗಂಡನ ಮನೆಯಲ್ಲಿ ಹುಟ್ಟಿ, ಹೆಸರಿಡುವ ಮೊದಲೇ ಹೋಯಿತು, ನಾನು ಬಸ್ಸಿಳಿದು ಓಡುವಷ್ಟರಲ್ಲಿ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು, ಅತ್ತಿರಲಿಲ್ಲ, ಆ ಕೂಸಿಗಿ ನಮ್ಮ ಕಲ್ಲಿನ ನೀರ ಬೀಳಲಿಲ್ಲ ನೋಡಬೇ ಯವ್ವಾ, ಅಷ್ಟೇ ಅಂದಳು. ಇನ್ನೊಂದಕ್ಕ ಬೀಳತದವ್ವಾ, ನಾ ಎರಸ್ತೀನಿ, ಅಂದಿದ್ದೆ, ಈರಣ್ಣನ ಮೇಲೆ ಆಣೆ ಇಟ್ಟಿದ್ದೆ.

ಎತ್ತೋ ಪಾಷಾ, ಆ ಕಲ್ಲ ಎತ್ತು. ಹೆಂಗ ಎತ್ಲಿ ಯವ್ವಾ, ಸಿಮಿಟಿ ಹಿಡದದ, ಹಾರಿ ಹಾಕಿದ್ರ ಒಡೀತದ, ಗುಂಡಿ ಮುಚ್ಚಾಕ ಏನರೆ ಬೇಕಿತ್ತು, ನಿಮ್ಮ ಯಜಮಾನ್ರೇ ತೋರಿಸಿದ್ರು, ಚಂದ ಕೂತದ ನೋಡ್ರಿ, ಒಂದ ಬಟ್ಟ ಸಂದಿಲ್ಲ. ಸಂಡಾಸಿನ ಮ್ಯಾಲ ಕೂತದಲೋ. ಇನ್ನಾ ಯಾರೂ ಕೂತಿಲ್ರಿ, ಗುಂಡಿ ಖಾಲಿ ಅದ, ಬೋಣಿಗಿ ಮನಿಯವರದ ಆಗ್ಲಿ ಅಂತ ಬಿಟ್ಟೀನಿ. ಹೊಸ ಬಚ್ಚಲೊಳಗೆ ಪಕೀರಮ್ಮ ನಕ್ಕಳು, ಓಣಿಯ ಕೂಸುಗಳಿಗೆಲ್ಲ ಎರೆಯುವವಳು, ದವಡೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಹೊಸ ನೆಲದ ಮೇಲೆ ಒಂದು ಚರಿಗೆ ನೀರು ಸುರಿದು ಕೂತು ನೋಡಿದಳು, ಕೆಂಪು ಗಾರೆ, ಕನ್ನಡಿಯಂಥ ನುಣುಪು, ಹಿಮ್ಮಡಿ ಸರ್ರನೆ ಜಾರಿತು, ನೀರು ತೂಬಿನ ಕಡೆ ಹೋಗದೆ ಹೊಸ್ತಿಲ ಕಡೆ ಹೊರಟಿತು, ಇಷ್ಟು ದಿನ ಅಳೆದೂ ಅಳೆದೂ ಇವರು ಮಾಡಿದ ಇಳಿಜಾರು ಇದು. ಬಿಡವ್ವಾ ಆದೆಮ್ಮ, ಗೋಣಿಚೀಲ ಹಾಸ್ಕೊಂಡ ಕುಂದರ್ತೀನಿ, ಕೂಸು ಮಲಗೋದು ನನ್ನ ಕಾಲ ಮ್ಯಾಲ, ನಿನ್ನ ಕಲ್ಲಿನ ಮ್ಯಾಲ ಅಲ್ಲ. ಖರೆ ಮಾತು. ಅಷ್ಟು ಖರೆಯಾದ ಮಾತಿಗೆ ಮೈ ಪರಚಿಕೊಳ್ಳುವಂತಾಗುತ್ತದೆ, ಗೋಣಿಚೀಲದ ಮೇಲೆ ನಾನು ಆಣೆ ಇಟ್ಟಿಲ್ಲ, ಮಗಳು ಬಂದ ಕೂಡಲೇ ಕೇಳುತ್ತಾಳೆ, ದವಾಖಾನೆಯಲ್ಲೂ ಕೂಸಿನ ನೆತ್ತಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ಇನ್ನೂ ಇದೆಯೇ ಎಂಬಂತೆ.

ಬೀದಿಯ ತಿರುವಿನಲ್ಲಿ ಕುದುರೆಯ ಗೆಜ್ಜೆ. ಎತ್ತು ಪಾಷಾ. ಒಡದ್ರ ನನ್ನ ಕೇಳಬ್ಯಾಡ್ರಿ. ಕೇಳಂಗಿಲ್ಲ, ಎತ್ತು. ಹಾರೆಯ ಮೂತಿ ಅಂಚಿನ ಕೆಳಗೆ ಹೋಯಿತು, ಸಿಮೆಂಟು ಚಟಚಟ ಬಿಟ್ಟಿತು, ಬರುತ್ತದೆ, ಬಂತು, ಈರಣ್ಣಾ, ಕುಳಿಯ ನೀರು ನಡುಗಿತು, ಚೂರು ಆಕಾಶ ನಡುಗಿತು — ಕೂದಲೆಳೆಯಂಥ ಗೆರೆ, ಈ ಅಂಚಿನಿಂದ ಆ ಅಂಚಿಗೆ, ಸರಿಯಾಗಿ ಕುಳಿಯ ನಡುವೆ, ಇದ್ದ ನೀರು ಇಲ್ಲ, ಗುಂಡಿಯೊಳಗೆ ಬಿದ್ದ ಸದ್ದು ಮಾತ್ರ ಬಂತು. ಪಾಷಾ ಎರಡು ಹೋಳಾದ ಕಲ್ಲಿನ ಅರ್ಧ ಹೊತ್ತು ತಂದು ಬಚ್ಚಲಲ್ಲಿಟ್ಟ, ಪಕೀರಮ್ಮ ಹಿಮ್ಮಡಿ ಊರಿ ನೋಡಿ ನಿಲ್ತದ ಅಂದಳು, ಅರ್ಧ ಸಾಕು ಇಷ್ಟುದ್ದ ಕೂಸಿಗಿ. ಬಾಗಿಲಲ್ಲಿ ಮಗಳ ದನಿ, ಯವ್ವಾ, ಕಲ್ಲ ಹಾಕೀಯಿಲ್ಲ? ಹಾಕೀನಿ, ಬಾ. ಹಾಕಿದ್ದೇನೆ, ಸುಳ್ಳಲ್ಲ, ಕೂಸು ಬರುವ ಮೊದಲು ಕುಳಿ ತುಂಬುವಂತೆ ಕಲ್ಲಿಗೆ ಒಂದು ಚರಿಗೆ ಎರೆಯುವುದು ಪದ್ಧತಿ, ಬಿಸಿನೀರು ತಂದು ಸುರಿದೆ, ಒಡೆದ ಅಂಚಿನಿಂದ ಜಾರಿ ಹೊಸ್ತಿಲ ಕಡೆ ಹೋಯಿತು, ಹೊಸ್ತಿಲಲ್ಲಿ ಮಗಳ ಪಾದ, ಮತ್ತೊಂದು ಚರಿಗೆ, ನಿಲ್ಲಲಿಲ್ಲ, ಕೂಸು ಅಳುತ್ತಿದೆ, ಮತ್ತೊಂದು, ಅರ್ಧ ಕುಳಿ, ನೀರು ನಿಲ್ಲಲಿಲ್ಲ, ಅರ್ಧ ಕುಳಿ —