ಬಿಸಿಗೆ ಇಳಿದ ತಂತಿ

ಈ ಸಲವೂ ಜನ ಎದ್ದು ಹೋದರೆ ನಿನ್ನ ತಂಡಕ್ಕೊಂದು ದೊಡ್ಡ ನಮಸ್ಕಾರ ಎಂದು ಡ್ರಮ್ ಬಾರಿಸುವ ಅಣ್ಣ ತಂಗಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಅವಳದು ಪಿಟೀಲು, ಮಾವನದು ಕೊಳಲು. ಹಾಡು ನುಡಿಸಿ, ಆಮೇಲೆ ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಜನರನ್ನು ಮಾತಿಗೆಳೆಯಬೇಕೆಂಬುದು ಅವಳ ಹಟ. ಚಪ್ಪಾಳೆಗೇನೂ ಕಡಿಮೆಯಿರುತ್ತಿರಲಿಲ್ಲ. ಆದರೆ ಅವಳು "ಈಗ ಹವಾಮಾನದ ಬಗ್ಗೆ..." ಎನ್ನುವಷ್ಟರಲ್ಲಿ ಎಲ್ಲರಿಗೂ ಮನೆಯಲ್ಲಿ ಅರ್ಜೆಂಟ್ ಕೆಲಸ ನೆನಪಾಗುತ್ತಿತ್ತು.

ಇವತ್ತಿನ ಕಚೇರಿ ಒಂದು ವಸತಿ ಕಟ್ಟಡದ ತುತ್ತತುದಿಯ ಹಾಲಿನಲ್ಲಿ, ಸುಡು ಮಧ್ಯಾಹ್ನ. ಕಟ್ಟಡದ ಸೆಕ್ರೆಟರಿಯ ಮನೆ ನೆಲಮಹಡಿಯಲ್ಲಿ. ಅಲ್ಲಿ ಏಸಿ ತಣ್ಣಗೆ ಬೀಸುತ್ತಿತ್ತು. ಮೂವರೂ ಅಲ್ಲೇ ಹಾಯಾಗಿ ಕೂತು ಶ್ರುತಿ ಸೇರಿಸಿಕೊಂಡು, ಮೇಲೆ ಹತ್ತಿ ಬಂದವರೇ ನುಡಿಸಲು ಶುರುಮಾಡಿದರು.

ಸ್ವಲ್ಪ ಹೊತ್ತಿಗೆ ಅವಳಿಗೆ ಬೆವರು ಕಿತ್ತುಬಂತು. ಪಿಟೀಲಿನ ಶ್ರುತಿ ಕೆಳಗಿಳಿಯುತ್ತಿತ್ತು, ಕೊಳಲಿನದು ಮೇಲೇರುತ್ತಿತ್ತು. ಮಾವ ಹುಬ್ಬು ಗಂಟಿಕ್ಕಿ ಅವಳನ್ನು ನೋಡಿದ, ಅವಳು ಮಾವನನ್ನು ನೋಡಿದಳು. ಅಣ್ಣ ಇಬ್ಬರ ಅಪಸ್ವರವನ್ನೂ ಮುಚ್ಚಿಹಾಕಲು ಜೋರಾಗಿ ಬಡಿದ. ಉಪಯೋಗವಾಗಲಿಲ್ಲ.

"ಏನಮ್ಮಾ, ಇಬ್ರೂ ಜಗಳ ಆಡ್ಕೊಂಡು ಬಂದಿದೀರಾ?" ಮುಂದಿನ ಸಾಲಿನ ಅಜ್ಜಿ ಕೇಳಿಯೇಬಿಟ್ಟರು.

ಹಾಲೆಲ್ಲ ಗೊಳ್ಳೆಂದಿತು. ಅವಳು ಕಮಾನು ಕೆಳಗಿಟ್ಟಳು. ಮುಖ ಕೆಂಪಾಗಿತ್ತು.

"ಜಗಳ ಅಲ್ಲ ಅಜ್ಜಿ, ಸೆಕೆ. ಕೆಳಗೆ ತಂಪಲ್ಲಿ ಶ್ರುತಿ ಮಾಡ್ಕೊಂಡ್ವಿ. ಇಲ್ಲಿ ಬಿಸಿಗೆ ನನ್ನ ತಂತಿ ಸಡಿಲ ಆಯ್ತು, ಮಾವನ ಕೊಳಲು ಏರಿಬಿಡ್ತು."

"ಅಯ್ಯೋ, ನೀವು ಇವತ್ತೊಂದು ದಿನ ಬಂದಿದ್ದಕ್ಕೇ ಹೀಗೆ!" ಮೇಲ್ಮಹಡಿಯ ಟೈಲರಮ್ಮ ಎದ್ದು ನಿಂತಳು. "ನಾನು ದಿನಾ ಇದೇ ಕಾವಲ್ಲಿ ಮಿಷನ್ ತುಳೀತೀನಿ. ಸೆಕೆ ಸಾಲ್ದು ಅಂತ ಸೆಕ್ರೆಟರಿ ಸಾಹೇಬರು ನಮ್ಮ ಮಹಡಿ ಗೋಡೆಗೆ ಹಾಕ್ಸಿರೋ ಏಸಿ ಡಬ್ಬದ ಬಿಸಿಗಾಳಿನೂ ನನ್ನ ಕಿಟಕಿಗೇ."

"ಹಾಗಂತ ನಾವು ಬೇಯ್ಬೇಕಾ?" ಹಿಂದಿನ ಸಾಲಿನಲ್ಲಿ ಕೂತಿದ್ದ ಸೆಕ್ರೆಟರಿ ಸಿಡುಕಿದ.

"ಬೇಯೋದು ಬೇಡ. ಒಂದು ಮಧ್ಯಾಹ್ನ ನಮ್ಮನೇಲಿ ಕೂತ್ಕೊಳ್ಳಿ ಸಾಕು."

"ನಾನು ಸೊಸೆಯಾಗಿ ಬಂದಾಗ ಈ ಹಾಲಲ್ಲೇ ಮಧ್ಯಾಹ್ನ ನಿದ್ದೆ ಹೊಡೀತಿದ್ವಿ," ಎಂದರು ಅಜ್ಜಿ. "ಈಗ ಮಲಗಿದ್ರೆ ಬೆಂದೇ ಏಳ್ಬೇಕು. ಯಾಕಮ್ಮಾ ಹೀಗಾಯ್ತು?"

ಬಾಯಿಪಾಠ ಮಾಡಿಕೊಂಡು ಬಂದಿದ್ದ ಭಾಷಣ ಅವಳ ತಲೆಯಿಂದ ಹಾರಿಹೋಗಿತ್ತು. ಉರಿಸುವ ಕಲ್ಲಿದ್ದಲು, ಪೆಟ್ರೋಲು, ಆಕಾಶದಲ್ಲಿ ಕಂಬಳಿಯಂತೆ ಕವಿದು ಕಾವು ಹಿಡಿದಿಡುವ ಅನಿಲ ಎಂದು ತೋಚಿದಂತೆ ಹೇಳುತ್ತಾ ಹೋದಳು. ನಡುನಡುವೆ ಜನ ಬಾಯಿ ಹಾಕಿದರು. ತಾರಸಿಗೆ ಬಿಳಿ ಬಣ್ಣ ಬಳಿಯೋಣ ಎಂದರೊಬ್ಬರು. ಗಿಡ ಇಡೋಣ, ನೀರು ಹಾಕೋರ್ಯಾರು? ನಿಮ್ಮ ಮಗರಾಯನೇ? ಅವನು ತನ್ನ ತಟ್ಟೆಯನ್ನೇ ತೊಳೆಯಲ್ಲ ಎಂದು ಮಾತು ಎಲ್ಲೆಲ್ಲಿಗೋ ಹರಿಯಿತು. ಸೆಕ್ರೆಟರಿ ಕೊನೆಗೆ ಏಸಿಯ ಡಬ್ಬ ಬೇರೆ ಕಡೆ ತಿರುಗಿಸಲು ಒಪ್ಪಿದ. ಆದರೆ ಯಾವ ಕಡೆಗೆ ಎಂಬುದರ ಮೇಲೆ ಹೊಸ ಜಗಳ ಹತ್ತಿಕೊಂಡಿತು.

ಅಷ್ಟರಲ್ಲಿ ಅವಳು ತಂತಿ ಬಿಗಿದುಕೊಂಡಿದ್ದಳು. "ಎರಡನೇ ಹಾಡು ಶುರುಮಾಡೋಣ್ವಾ?"

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಣ್ಣನತ್ತ ತಿರುಗಿದರೆ ಅವನು ಡ್ರಮ್ ಬಿಟ್ಟು, ಟೈಲರಮ್ಮನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದ.

"ಸ್ವಲ್ಪ ಸುಮ್ನಿರೇ," ಎಂದ. "ಇವರ ಮಾತಿನ್ನೂ ಮುಗಿದಿಲ್ಲ."