ಗೀಜಗದ ಮಾರ್ಕು

ಇಪ್ಪತ್ತನೆಯ ಚೀಲವನ್ನು ಮಗುಚಿ ಹಾಕಿ ಗುರುಶಾಂತಮ್ಮ ಸೊಂಟ ಹಿಡಿದುಕೊಂಡು ನಿಂತಳು. ಇನ್ನೂ ಅಷ್ಟೇ ಬಾಕಿ ಇದ್ದವು. ಸಾವಿನ ಮನೆಗೆ ಬಂದವರು ಕೂರಲಿ ಎಂದು ತೋಂಟದಾರ್ಯ ತನ್ನ ಹೊಸ ಕಂಪನಿಯ ಗೋಣಿಚೀಲಗಳನ್ನು ಬೆಳಗ್ಗೆಯೇ ಕಳಿಸಿದ್ದ. ಅವನ ಆಳುಗಳು ಮಾರ್ಕು ಮೇಲೆ ಕಾಣುವಂತೆ ಒಪ್ಪವಾಗಿ ಅಂಗಳದ ತುಂಬ ಹಾಸಿ ಹೋಗಿದ್ದರು. ಒಂದೊಂದು ಚೀಲದ ನಡುವೆಯೂ ಇನ್ನೂ ಆರದ ಕಪ್ಪು ಮಸಿಯಲ್ಲಿ ಅದೇ ಚಿತ್ರ: ತೆಂಗಿನ ಗರಿಗೆ ಜೋತುಬಿದ್ದ ಗೀಜಗನ ಗೂಡು, ಗೂಡಿನ ಬಾಯಲ್ಲಿ ಕೂತ ಹಕ್ಕಿ.

ಅದನ್ನು ಬಿಡಿಸಿದ್ದ ಅವಳ ಗಂಡ ಏಕಾಂತಯ್ಯ ಜಗಲಿಯ ಗೋಡೆಗೆ ಒರಗಿ ಕೂತಿದ್ದ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಈಗ ಮೀಯಿಸಿ, ಹಣೆಗೆ ತೋಳಿಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು ಕೂರಿಸಿದ್ದರು. ಹನ್ನೊಂದು ಗಂಟೆಗೆ ಎತ್ತುವುದೆಂದು ಮಠದ ಅಯ್ಯನವರು ಹೇಳಿದ್ದರು.

ಪಕ್ಕದ ಮನೆಯ ಚಿಕ್ಕಗೌರಮ್ಮ ಬಂದು ಅವಳ ರಟ್ಟೆ ಹಿಡಿದಳು. "ಏನ್ ಗುರುಶಾಂತಕ್ಕ ಇದು? ಯಜಮಾನ್ರ ಪಕ್ಕ ಕೂರೋದು ಬುಟ್ಟು ಚೀಲ ಮಗುಚ್ತಾ ಇದೀಯಲ್ಲ."

"ಬಂದೋರು ಅವರ ಕೈಕೆಲಸದ ಮೇಲೆ ಕುಂಡಿ ಊರೋದು ಬ್ಯಾಡ ಕಣೇ."

ಚಿಕ್ಕಗೌರಮ್ಮನಿಗೆ ಕಣ್ಣು ತುಂಬಿ ಬಂತು. ಪಾಪ, ತಾನೂ ಬಗ್ಗಿ ಎರಡು ಚೀಲ ಮಗುಚಿದಳು. ಗುರುಶಾಂತಮ್ಮ ಹೇಳಿದ್ದು ಸುಳ್ಳೆಂದು ಅವಳಿಗೆ ಹೇಗೆ ತಿಳಿಯಬೇಕು. ಆ ಮಾರ್ಕು ತೋಂಟದಾರ್ಯನದಾಗಿರಲಿಲ್ಲ. ಇಪ್ಪತ್ನಾಲ್ಕು ವರ್ಷದಿಂದ ಅದು ಕೊಬ್ಬರಿ ಮಂಡಿಯ ಮಲ್ಲಿಕಾರ್ಜುನಯ್ಯನವರ ಮಾರ್ಕು. ಗಂಡ ತನಗೇ ತಿಳಿಯದೆ ಒಬ್ಬರ ಮಾರ್ಕನ್ನು ಇನ್ನೊಬ್ಬರಿಗೆ ತಗಡಿನಲ್ಲಿ ಕತ್ತರಿಸಿ ಕೊಟ್ಟಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಮಲ್ಲಿಕಾರ್ಜುನಯ್ಯನವರು ಬರುತ್ತಾರೆ. ಏಕಾಂತಯ್ಯ ಮಣ್ಣಿಗೆ ಹೋಗುವ ತನಕ ಅವರ ಕಣ್ಣಿಗೆ ಇದು ಬೀಳಬಾರದು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಅಮ್ಮಾ, ವಿಭೂತಿ ಗಟ್ಟಿ ಎಲ್ಲಿಟ್ಟಿದೀಯ? ಅಯ್ಯನೋರು ಕೇಳ್ತಾವ್ರೆ," ಎಂದು ಮಗಳು ಗಿರಿಜಾಂಬಿಕಾ ಒಳಗಿನಿಂದ ಕೂಗಿದಳು. ಗುರುಶಾಂತಮ್ಮ ಕೈಯಲ್ಲಿದ್ದ ಚೀಲವನ್ನು ಮಗುಚಿ ಒಳಗೆ ಓಡಿದಳು.

*

ತಿಪಟೂರಿನಲ್ಲಿ ಏಕಾಂತಯ್ಯನಿಗೆ ಇದ್ದದ್ದು ಒಂದೇ ಹೆಸರು. ಅವನ ಕೈಯಿಂದ ಎರಡು ಮಾರ್ಕು ಒಂದೇ ಥರ ಬರುವುದಿಲ್ಲ ಎನ್ನುವುದು. ಅಂಗಡಿ ಬೋರ್ಡು ಬರೆಯುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಕೊಬ್ಬರಿ ಮೂಟೆಗೆ ಒತ್ತುವ ಮಾರ್ಕಿನ ತಗಡು ಕತ್ತರಿಸಬೇಕೆಂದರೆ ಮಾತ್ರ ಮಂಡಿಯವರು ಇವನ ಬಾಗಿಲಿಗೇ ಬರಬೇಕಿತ್ತು.

"ದಿಲ್ಲಿ ಕಾನ್ಪುರದ ಸೇಟುಗೆ ನಮ್ಮ ಕನ್ನಡ ಬರಾಕಿಲ್ಲ, ನಮ್ಮ ಹಮಾಲಿಗೆ ಯಾವ ಅಕ್ಷರವೂ ಬರಾಕಿಲ್ಲ," ಎಂದು ಅವನು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. "ಮಾರ್ಕು ಅಂದ್ರೆ ಹೆಂಗಿರ್ಬೇಕು? ಬೆನ್ನ ಮೇಲೆ ಒಂದು ಮೂಟೆ ಹೊತ್ಕೊಂಡೋನು, ಉರಿಬಿಸಿಲಲ್ಲಿ, ಇನ್ನೊಂದು ಮೂಟೆ ನೋಡಿದ್ರೆ ಇದು ಇಂಥೋರದೇ ಅಂತ ಗೊತ್ತಾಗ್ಬೇಕು. ಆವಾಗ ಅದು ಮಾರ್ಕು. ಇಲ್ದಿದ್ರೆ ಬರೀ ಚಿತ್ರ."

ತಗಡು ಕತ್ತರಿಸಿದ ಮೇಲೆ ಮೊದಲ ಅಚ್ಚನ್ನು ಚೀಲಕ್ಕೆ ಒತ್ತುವಂತಿರಲಿಲ್ಲ. ಅದು ಮನೆಯ ಪಡಸಾಲೆಯ ಗೋಡೆಗೆ ಬೀಳಬೇಕು. ಐವತ್ತೆಂಟನೇ ಇಸವಿಯಲ್ಲಿ ಹಾಗೆ ಮೊದಲು ಬಿದ್ದದ್ದು ಮಲ್ಲಿಕಾರ್ಜುನಯ್ಯನವರ ಗೀಜಗದ ಗೂಡು. ಆಮೇಲೆ ದೀಪ, ಏಣಿ, ಜೋಡಿ ಬಾತು, ಕುಡುಗೋಲು, ಏನೇನೋ ಬಿದ್ದವು. ಹೊಸ ಮಾರ್ಕು ಬೇಕೆಂದು ಯಾರಾದರೂ ಬಂದರೆ ಏಕಾಂತಯ್ಯ ಮೊದಲು ಆ ಗೋಡೆಯ ಮುಂದೆ ಅರ್ಧ ಗಂಟೆ ನಿಲ್ಲುತ್ತಿದ್ದ. ಇರುವುದನ್ನೆಲ್ಲ ನೋಡಿಕೊಂಡು, ಇಲ್ಲದ್ದನ್ನು ಹುಡುಕುತ್ತಿದ್ದ. ಮಂಡಿಯಲ್ಲಿ ಮಾರ್ಕಿನ ಜಗಳವಾದರೆ ಏಕಾಂತಯ್ಯನ ಗೋಡೆ ನೋಡಿಕೊಂಡು ಬನ್ನಿ ಎಂದು ಆಳು ಕಳಿಸುವಷ್ಟರ ಮಟ್ಟಿಗೆ ಅದು ಊರಿನ ದಫ್ತರವಾಗಿತ್ತು.

ಆ ಗೋಡೆಗೆ ಗುರುಶಾಂತಮ್ಮ ಸುಣ್ಣ ಹೊಡೆಸಿಬಿಟ್ಟಳು.

ಹೋದ ದೀಪಾವಳಿಯ ಹೊತ್ತಿನಲ್ಲಿ ಗಿರಿಜಾಳನ್ನು ನೋಡಲು ಹಾಲ್ಕುರಿಕೆಯಿಂದ ಗಂಡಿನವರು ಬರುವವರಿದ್ದರು. ಗಂಡ ಚಿಕ್ಕನಾಯಕನಹಳ್ಳಿಯಲ್ಲಿ ಯಾವುದೋ ಶಾಲೆಯ ಬೋರ್ಡು ಬರೆಯಲು ಎರಡು ದಿನ ಹೋಗಿದ್ದ. ಬಂದ ಬೀಗರು ಪಡಸಾಲೆಯಲ್ಲಿ ಕೂತರೆ ಎದುರಿಗೆ ಮಸಿ ಮೆತ್ತಿದ ಗೋಡೆ, ಕೊಬ್ಬರಿ ಗೋಡೌನಿಗಿಂತ ಕಡೆ. ಅವಳು ಆಳು ಕರೆಸಿದಳು. ಮೂರು ಸಲ ಬಳಿಸಿದ ಮೇಲೆ ಗೋಡೆ ಬೆಳ್ಳಗೆ ಬಂತು. ಮಾಡಿದ್ದು ಏನೆಂದು ಅವಳಿಗೆ ಹೊಳೆದದ್ದು ಗಂಡ ಬಾಗಿಲಲ್ಲಿ ಚೀಲ ಹಿಡಿದುಕೊಂಡು ನಿಂತೇ ಇದ್ದಾಗ.

"ಚೆನ್ನಾಗಾಯ್ತು ಕಣೇ, ಮನೆ ಬೆಳಕಾಯ್ತು," ಎಂದ ಅವನು. ಅವಳ ಮುಖ ನೋಡಿ, "ಎಲ್ಲ ತಲೇಲೈತೆ ಬುಡು," ಎಂದೂ ಸೇರಿಸಿದ. ಆಗಲೇ ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

*

ಗುರುಶಾಂತಮ್ಮ ವಿಭೂತಿ ಕೊಟ್ಟು ಹೊರಗೆ ಬರುವಷ್ಟರಲ್ಲಿ ಅಂಗಳದಲ್ಲಿ ಜನ ತುಂಬಿದ್ದರು. ಮಗುಚದೆ ಉಳಿದ ಚೀಲಗಳನ್ನು ಚಿಕ್ಕಗೌರಮ್ಮ ಮುಗಿಸಿದ್ದಳು. ಪುಣ್ಯಾತ್ಗಿತ್ತಿ ಒಂದನ್ನು ಮಾತ್ರ ಬಿಟ್ಟಿದ್ದಳು. ಜಗಲಿಯ ಮೆಟ್ಟಿಲ ಹತ್ತಿರದ ಚೀಲದ ಮೇಲೆ ಗೂಡೂ ಹಕ್ಕಿಯೂ ಢಾಳಾಗಿ ಮುಗಿಲು ನೋಡುತ್ತಿದ್ದವು.

ಅವಳು ಮೆಟ್ಟಿಲಿಳಿಯಬೇಕು ಎನ್ನುವಷ್ಟರಲ್ಲಿ ಮಲ್ಲಿಕಾರ್ಜುನಯ್ಯನವರು ಬಂದೇ ಬಿಟ್ಟರು. ಎಪ್ಪತ್ತು ದಾಟಿದವರು, ಬಲಮಂಡಿ ನೋವಿಗೆ ಕುಂಟುತ್ತಾ, ಬಿಳಿ ಪಂಚೆಯ ಚುಂಗು ಕೈಯಲ್ಲಿ ಹಿಡಿದು ಬಂದರು. ಹಿಂದೆ ಹಮಾಲಿ ಜುಂಜಯ್ಯ ಹಾರ ಹಿಡಿದುಕೊಂಡಿದ್ದ. ಹುಳಿಯಾರು ಕಡೆಯ ಹಟ್ಟಿಯವನು, ಮಂಡಿ ಬೀದಿಯ ಎಲ್ಲರ ಮೂಟೆಯನ್ನೂ ಎತ್ತಿದವನು. ಮಲ್ಲಿಕಾರ್ಜುನಯ್ಯನವರು ಹಾರ ಹಾಕಿ, ಏಕಾಂತಯ್ಯನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಟ್ಟಿಲಿಳಿದು, ಸೀದಾ ಆ ಚೀಲದ ಮೇಲೆಯೇ ಕೂತರು.

ಗುರುಶಾಂತಮ್ಮ ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟಳು. ನೋಡಲಿಲ್ಲ, ದುಃಖದಲ್ಲಿ ಕೆಳಗೆ ನೋಡಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಎದ್ದರೆ ನೋಡುತ್ತಾರೆ.

"ದೊಡ್ಡಪ್ಪ, ನೆಲದ ಮ್ಯಾಲೆ ಕೂತ್ರಲ್ಲ, ಕುರ್ಚಿ ತರ್ತೀನಿ," ಎಂದು ಗಿರಿಜಾ ಬಂದಳು.

"ಬ್ಯಾಡ ಕಣವ್ವ. ಇಲ್ಲೇ ಸರಿ."

"ಮಂಡಿ ನೋವಲ್ವಾ ನಿಮ್ಗೆ?"

"ಬ್ಯಾಡ ಅಂದ್ನಲ್ಲ."

ಭಜನೆಯವರು ತಾಳ ಕುಟ್ಟತೊಡಗಿದರು. ಗುರುಶಾಂತಮ್ಮ ಗಂಡನ ಪಕ್ಕದಲ್ಲಿ ಕೂತು, ಅಳಬೇಕಾದ ಹೊತ್ತಿನಲ್ಲಿ ಒಬ್ಬ ಮುದುಕ ಯಾವಾಗ ಏಳುತ್ತಾನೋ ಎಂದು ಕಾಯುತ್ತಿದ್ದಳು. ಅವಳಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

*

ಮೂರು ವಾರದ ಕೆಳಗೆ ತೋಂಟದಾರ್ಯ ಬುಲೆಟ್ ಮೇಲೆ ಬಂದಿಳಿದಿದ್ದ. ನೊಣವಿನಕೆರೆಯವನು, ಮೂವತ್ತರ ಹುಡುಗ, ಕೊಬ್ಬರಿಯ ಜೊತೆ ಎಣ್ಣೆಯನ್ನೂ ತೆಗೆಯುವ ಕಂಪನಿ ಶುರುಮಾಡುತ್ತಿದ್ದ.

"ಬೆಂಗಳೂರಲ್ಲಿ ಒಬ್ರಿಗೆ ತೋರ್ಸಿದ್ದೆ ಯಜಮಾನ್ರೇ. ಇಂಗ್ಲಿಷ್ ಅಕ್ಷರ ಮೂರು ಹೆಣೆದು ಕೊಟ್ರು. ನಮ್ಮ ಹಮಾಲಿಗೆ ತೋರ್ಸಿದ್ರೆ ಇದೇನು ಬುದ್ಧಿ, ಮುಳ್ಳುತಂತಿಯಾ ಅಂದ. ನೀವೇ ಮಾಡ್ಕೊಡಿ. ಚೀಲಕ್ಕೂ ಅದೇ, ಡಬ್ಬಕ್ಕೂ ಅದೇ, ಲೆಟರ್‌ಹೆಡ್ಡು, ಲಾರಿ ಬಾಗಿಲು, ಬೋರ್ಡು, ಎಲ್ಲಕ್ಕೂ ಒಂದೇ ಇರ್ಬೇಕು. ನೋಡಿದ ತಕ್ಷಣ ಇದು ನಮ್ಮ ಕಂಪನಿ ಅನ್ಬೇಕು."

ಏಕಾಂತಯ್ಯನ ಮುಖ ಅರಳಿತು. ಎರಡು ವರ್ಷದಿಂದ ಹೊಸ ಮಾರ್ಕು ಕೇಳಿ ಯಾರೂ ಬಂದಿರಲಿಲ್ಲ. ಅಭ್ಯಾಸಬಲದಿಂದ ಗೋಡೆಯ ಮುಂದೆ ಹೋಗಿ ನಿಂತ. ಬಿಳಿ ಗೋಡೆ. ಅಲ್ಲೇ ಸ್ವಲ್ಪ ಹೊತ್ತು ನಿಂತು, ಬಂದು, ಬಳಪ ಹಿಡಿದು ನೆಲದ ಮೇಲೆ ಒಂದೇ ಉಸಿರಿಗೆ ಬಿಡಿಸಿದ. ಗರಿ, ಗೂಡು, ಹಕ್ಕಿ. ಎಲ್ಲೂ ತಡವರಿಸಲಿಲ್ಲ, ಎಲ್ಲೂ ಅಳಿಸಲಿಲ್ಲ.

"ನೋಡ್ದಾ ಕಣೇ, ಕೈ ಇನ್ನೂ ಐತೆ," ಎಂದು ಹೆಂಡತಿಯನ್ನು ಕರೆದು ತೋರಿಸಿದ. ಅವಳಿಗೆ ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಅವನ ಸಂತೋಷ ನೋಡಿ ಬಾಯಿ ಬರಲಿಲ್ಲ. ಹೋದ ಭಾನುವಾರ ಸಂತೆಯಿಂದ ಬರುವಾಗ ಮಲ್ಲಿಕಾರ್ಜುನಯ್ಯನವರ ಮಂಡಿಯ ಮುಂದೆ ಲಾರಿ ನಿಂತಿತ್ತು. ಮೂಟೆಗಳ ಮೇಲಿನ ಗೂಡನ್ನು ಕಂಡು ಅವಳ ಕಾಲು ಅಲ್ಲೇ ನಿಂತುಬಿಟ್ಟಿತು. ಇವನ ಕೈ ತಡವರಿಸದಿದ್ದದ್ದು ಯಾಕೆಂದು ಅವಳಿಗೆ ಆಗ ತಿಳಿಯಿತು. ಮನೆಗೆ ಬಂದು ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ನಾಲ್ಕು ದಿನ ಕಳೆದಳು. ಐದನೆಯ ದಿನ ಹೇಳಲು ಅವನಿರಲಿಲ್ಲ.

*

ಹತ್ತೂವರೆಗೆ ತೋಂಟದಾರ್ಯ ಬಂದ. ಏಕಾಂತಯ್ಯನ ಕಾಲಿಗೆ ಬಿದ್ದು ಎದ್ದವನು ಅಂಗಳದತ್ತ ತಿರುಗಿ ಹುಬ್ಬು ಗಂಟಿಕ್ಕಿದ.

"ಇದ್ಯಾರಪ್ಪಾ ಚೀಲ ಎಲ್ಲ ಮಗುಚಿರೋದು? ಅವರು ಕೊನೇದಾಗಿ ಮಾಡಿದ ಕೆಲ್ಸ ಊರಿಗೆ ಕಾಣ್ಲಿ ಅಂತ ತಾನೆ ನಾನು ಕಳ್ಸಿದ್ದು."

ಒಳ್ಳೆಯ ಮನಸ್ಸಿನಿಂದಲೇ ಅವನು ಬಗ್ಗಿ ಹತ್ತಿರದ ಚೀಲವನ್ನು ಎಳೆದ. ಅದರ ಮೇಲೆ ಕೂತವರು ಎದ್ದು ಜಾಗ ಬಿಟ್ಟರು. ಒಂದು ಚೀಲ ಮೇಲ್ಮುಖವಾಯಿತು. ಇನ್ನೊಂದಾಯಿತು. ಮೂರನೆಯದು ಮಲ್ಲಿಕಾರ್ಜುನಯ್ಯನವರ ಮುಂದೆಯೇ ಇತ್ತು. ತಾಳ ಕುಟ್ಟುವವರು ಇನ್ನೂ ಕುಟ್ಟುತ್ತಿದ್ದರು.

ಗುರುಶಾಂತಮ್ಮ ಎದ್ದು ನಿಂತಳು. "ತಿರುವಬ್ಯಾಡ ಕಣಪ್ಪ."

"ಯಾಕಮ್ಮಾ?"

"ಅದು ನಿನ್ನ ಮಾರ್ಕಲ್ಲ. ಇವರದು. ಇಪ್ಪತ್ನಾಲ್ಕು ವರ್ಷದಿಂದ ಮಲ್ಲಿಕಾರ್ಜುನಯ್ನೋರ ಮೂಟೆ ಮ್ಯಾಲಿರೋ ಮಾರ್ಕು." ತಾಳ ನಿಂತಿತು. ಅವಳು ಜಗಲಿಯ ಕಂಬ ಹಿಡಿದುಕೊಂಡಳು. "ಅವರಿಗೆ ಗೊತ್ತಾಗ್ಲಿಲ್ಲ. ಗೋಡೆ ನೋಡ್ದೆ ಯಾವತ್ತೂ ತಗಡು ಕತ್ತರಿಸ್ದೋರಲ್ಲ. ಆ ಗೋಡೆಗೆ ಸುಣ್ಣ ಹೊಡ್ಸಿದೋಳು ನಾನು. ಬಯ್ಯೋದಿದ್ರೆ ನನ್ನ ಬಯ್ರಿ. ಅವರ ಹೆಸರು ಎತ್ತಬ್ಯಾಡ್ರಿ."

ತೋಂಟದಾರ್ಯನ ಮುಖ ಮೊದಲು ಬೆಪ್ಪಾಗಿ ಆಮೇಲೆ ಕೆಂಪಾಯಿತು. "ಡಬ್ಬ ಎಲ್ಲ ಪ್ರಿಂಟಾಗಿ ಬಂದು ಕೂತವೆ ಕಣಮ್ಮ. ಲಾರಿ ಬಾಗಿಲಿಗೂ ಬರ್ಸಿ ಆಯ್ತು. ಈಗ ಹೇಳ್ತೀರಲ್ಲ."

"ಲೇ ತೋಂಟದಾರ್ಯ," ಎಂದರು ಮಲ್ಲಿಕಾರ್ಜುನಯ್ಯನವರು ಕೂತಲ್ಲಿಂದಲೇ. "ಡಬ್ಬದ ಮಾತು ನಾಳೆ ಆಡಾಣ. ನನ್ನ ಮಂಡಿಗೆ ಬಾ. ಈಗ ಬಾಯಿ ಮುಚ್ಕೊಂಡು ಕೂತ್ಕೊ."

ಆಮೇಲೆ ಗುರುಶಾಂತಮ್ಮನತ್ತ ನೋಡಿದರು. "ಏಕಾಂತಯ್ಯನಿಗೆ ಗೊತ್ತಿತ್ತು ತಾಯಿ."

ಅವಳಿಗೆ ಅರ್ಥವಾಗಲಿಲ್ಲ.

"ನಾನೇ ಹೇಳ್ದೆ ಕಣವ್ವ," ಎಂದ ಜುಂಜಯ್ಯ ಗೋಡೆಯ ಹತ್ತಿರದಿಂದ. "ಸೋಮಾರ ಈ ಬುದ್ಧಿ ಕಂಪನಿಗೆ ಮೂಟೆ ಎತ್ತಕ್ಕೆ ಹೋಗಿದ್ದೆ. ಮಲ್ಲಿಕಾರ್ಜುನಯ್ನೋರ ಮಂಡಿ ಚೀಲ ಇಲ್ಯಾಕೆ ಬಂದ್ವು ಅಂತ ಅಲ್ಲಿದ್ದ ಏಕಾಂತಯ್ನೋರನ್ನ ಕೇಳ್ದೆ. ನಂಗೇನು ಗೊತ್ತು."

"ಅವತ್ತೇ ನನ್ನ ಹತ್ರ ಬಂದ," ಎಂದರು ಮಲ್ಲಿಕಾರ್ಜುನಯ್ಯನವರು. "ತಪ್ಪಾಯ್ತು ಅಂದ. ನಾನೇನು ಮಾಡ್ದೆ? ಹತ್ತು ಜನದ ಮುಂದೆ ಬಯ್ದೆ. ಕಣ್ಣು ಹೋದೋನು ಕುಂಚ ಮಡಗಿ ಮನೇಲಿ ಬಿದ್ಕೊಳೋ ಅಂದೆ. ಬಾಯಿಗೆ ಬಂದಂಗೆ ಅಂದೆ. ತಲೆ ತಗ್ಗಿಸ್ಕೊಂಡು ಕೇಳ್ದ. ಶನಿವಾರದೊಳಗೆ ಹುಡುಗನಿಗೆ ಬೇರೆ ಕತ್ತರಿಸಿಕೊಡ್ತೀನಿ, ಅಲ್ಲೀಗಂಟ ನಮ್ಮನೇಲಿ ಮಾತ್ರ ತಿಳೀಬಾರ್ದು ಅಂದ. ಅದ್ಯಾಕಯ್ಯಾ ಅಂದ್ರೆ, ಸುಣ್ಣ ಹೊಡ್ಸಿದ್ದು ನಾನೇ ಅಂತ ಅವಳು ಅನ್ನ ಬುಡ್ತಾಳೆ ಅಂದ." ಮುದುಕರ ದನಿ ಒಡೆಯಿತು. "ಅದೇ ನಾನವನ ಹತ್ರ ಆಡಿದ ಕಡೇ ಮಾತು."

ಗುರುಶಾಂತಮ್ಮ ಗಂಡನ ಕಡೆ ತಿರುಗಿದಳು. ನಾಲ್ಕು ದಿನ ಒಂದೇ ಒಲೆಯ ಮುಂದೆ ಕೂತು ಉಂಡಿದ್ದರು. ಇವಳು ಅವನಿಗೆ ತಿಳಿಯದಿರಲಿ ಎಂದು, ಅವನು ಇವಳಿಗೆ ತಿಳಿಯದಿರಲಿ ಎಂದು. ಅವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. "ಹೇಳಬಾರದಿತ್ತೇನ್ರೀ ಒಂದು ಮಾತು," ಎಂದು ವಿಭೂತಿ ಬಳಿದ ಆ ಭುಜಕ್ಕೆ ಒಂದು ಗುದ್ದಿದಳು. ನಿನ್ನೆಯಿಂದ ಬಾರದಿದ್ದ ಅಳು ಆಗ ಬಂತು. ಗಿರಿಜಾ ಬಂದು ಹಿಡಿದುಕೊಳ್ಳಬೇಕಾಯಿತು.

ಹನ್ನೊಂದಕ್ಕೆ ಅಯ್ಯನವರು ಎತ್ತಿ ಎಂದರು. ಬಾಳೆಕಂದು ಕಟ್ಟಿದ ವಿಮಾನದಲ್ಲಿ ಏಕಾಂತಯ್ಯನನ್ನು ಕೂರಿಸಿದರು. ಮಲ್ಲಿಕಾರ್ಜುನಯ್ಯನವರಿಗೆ ತಾವಾಗಿ ಏಳಲಾಗಲಿಲ್ಲ. ಜುಂಜಯ್ಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ಎದ್ದ ಜಾಗದಲ್ಲಿ ಚೀಲದ ಮೇಲಿನ ಗೂಡು ಅರ್ಧಕ್ಕರ್ಧ ಮಾಸಿಹೋಗಿತ್ತು. ಬೆಳಗ್ಗೆ ಒತ್ತಿದ ಹಸಿ ಮಸಿ, ಹಕ್ಕಿಯ ಸಮೇತ, ಅವರ ಪಂಚೆಯ ಹಿಂಭಾಗಕ್ಕೆ ಹತ್ತಿತ್ತು. ಅವರು ಒಂದೂವರೆ ಗಂಟೆ ಮಂಡಿ ನೋವಿಗೆ ಹಲ್ಲು ಕಚ್ಚಿಕೊಂಡು ಕೂತದ್ದು, ಕುರ್ಚಿ ಬೇಡವೆಂದದ್ದು ಯಾಕೆಂದು ಗುರುಶಾಂತಮ್ಮನಿಗೆ ಆಗ ಹೊಳೆಯಿತು. ಅವರು ನೋಡಿಯೇ ಕೂತಿದ್ದರು.

"ದೊಡ್ಡಪ್ಪ, ಹಿಂದೆ ಮಸಿ ಆಗೈತೆ," ಎಂದಳು ಗಿರಿಜಾ ಮೆಲ್ಲಗೆ. "ಅಪ್ಪಾಜಿ ಪಂಚೆ ಒಗೆದಿರೋದು ಒಳಗೈತೆ, ಉಟ್ಕೊಂಡು ಬನ್ನಿ. ಮಂಡಿ ಬೀದೀಲಿ ಹೋಗ್ಬೇಕು."

ಅವರು ಕತ್ತು ತಿರುಗಿಸಿ ನೋಡಿಕೊಂಡರು. "ಇರ್ಲಿ ಬುಡವ್ವ," ಎಂದರು.

ವಿಮಾನದ ಹಿಂದಿನ ಬೊಂಬಿಗೆ ಅವರು ಹೆಗಲು ಕೊಟ್ಟರು. ಇನ್ನೊಂದು ಹೆಗಲು ತೋಂಟದಾರ್ಯನದು. ಮಂಡಿ ಬೀದಿಯಲ್ಲಿ ತಕ್ಕಡಿ ನಿಲ್ಲಿಸಿ ವ್ಯಾಪಾರಿಗಳು, ಹಮಾಲಿಗಳು ಬಾಗಿಲಿಗೆ ಬಂದು ನಿಂತರು. ಯಾರೋ ಓಡಿಬಂದು ಹೆಗಲು ಬದಲಿಸಲು ಹೋದರೆ ಮುದುಕರು ಕೊಡಲಿಲ್ಲ. ಹಿಂದೆಯೇ ನಡೆಯುತ್ತಿದ್ದ ಗುರುಶಾಂತಮ್ಮನಿಗೆ ಗಂಡನ ಮುಖ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಆ ಬಿಳಿ ಪಂಚೆಯೊಂದೇ. ಅವರು ಕುಂಟಿದಾಗ ಹಕ್ಕಿ ಪಂಚೆಯ ಮಡಿಕೆಯಲ್ಲಿ ಅಡಗುತ್ತಿತ್ತು, ಮುಂದಿನ ಹೆಜ್ಜೆಗೆ ಮತ್ತೆ ಕಾಣುತ್ತಿತ್ತು.